ಕಡಲ ಗಾಳಿಯಂತ್ರದ ಬೋಟಿನಲ್ಲಿ ಖಲಾಸಿ ಕೆಲಸ: ಏಜೆಂಟರಿಗೆ ಹಣ ಕೊಡಬಹುದೇ?

ಪ್ರಶ್ನೆ: ನನಗೆ 23 ವರ್ಷ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಎರಡು ವರ್ಷದಿಂದ ಸಹಾಯಕನಾಗಿದ್ದೇನೆ. ಇಂಗ್ಲೆಂಡಿನ ಸಮುದ್ರದಲ್ಲಿರುವ ಗಾಳಿಯಂತ್ರಗಳಿಗೆ ಕೆಲಸಗಾರರನ್ನು ಒಯ್ಯುವ ಬೋಟಿನಲ್ಲಿ ಡೆಕ್ ಹ್ಯಾಂಡ್, ಅಂದರೆ ಖಲಾಸಿ, ಕೆಲಸ ಕೊಡಿಸಿ ಮೂರು ತಿಂಗಳಲ್ಲಿ ಕಳುಹಿಸುವುದಾಗಿ ದಾವಣಗೆರೆಯ ಏಜೆಂಟರೊಬ್ಬರು ಹೇಳಿ, ಎರಡೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಭೀಮಸಮುದ್ರದಲ್ಲಿ ಅಡಿಕೆ ಮಾರಿದ ಹಣ ಮನೆಯಲ್ಲಿದೆ. ಕೊಡಬಹುದೇ?
– ಹೆಸರು ಬೇಡವೆಂದಿರುವ ಓದುಗ, ಚಿತ್ರದುರ್ಗ ತಾಲ್ಲೂಕು

ಉತ್ತರ: ಕೊಡಬೇಡಿ. ನಮ್ಮ ದೇಶದಿಂದ ಹಡಗಿನ ಕೆಲಸಕ್ಕೆ ಆಳು ಕಳುಹಿಸುವ ಯಾವ ಏಜೆನ್ಸಿಯೂ ಹಡಗು ಸಾರಿಗೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆಯಾದ ಮುಂಬೈಯ ಡಿ.ಜಿ. ಶಿಪ್ಪಿಂಗ್ ಕಚೇರಿ ಕೊಡುವ, ಆರ್‌ಪಿಎಸ್‌ಎಲ್ ಎಂಬ ನಾವಿಕರ ನೇಮಕಾತಿ ಪರವಾನಗಿ ಹೊಂದಿರಲೇಬೇಕು. ಪರವಾನಗಿ ಇದ್ದರೂ ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ಹಣ ಪಡೆಯುವಂತಿಲ್ಲ, ಆ ಖರ್ಚು ಹಡಗಿನ ಮಾಲೀಕರದು. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ತಪಾಸಣೆ, ತರಬೇತಿಯ ಶುಲ್ಕ ಇವಿಷ್ಟೇ ನೀವು ಭರಿಸಬೇಕಾದವು. ಪರವಾನಗಿ ಪಡೆದವರ ಪಟ್ಟಿ ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿದೆ, ನಿಮ್ಮ ಏಜೆಂಟರ ಸಂಖ್ಯೆ ಕೇಳಿ ಅಲ್ಲಿ ಹುಡುಕಿ ನೋಡಿ. ಸಂಖ್ಯೆ ಕೇಳಿದೊಡನೆ ಅವರು ಮಾತು ತೇಲಿಸಿದರೆ ಅದೇ ಉತ್ತರವೆಂದು ತಿಳಿಯಿರಿ.

ಇಂಗ್ಲೆಂಡಿನ ಮಾತಿಗೆ ಬಂದರೆ, ಕಡಲ ಗಾಳಿ ವಿದ್ಯುತ್ ಕೆಲಸಗಾರರಿಗೆ ಬ್ರಿಟನ್ ಕೊಟ್ಟಿದ್ದ ವೀಸಾ ವಿನಾಯಿತಿ 2023ರ ಏಪ್ರಿಲ್ 30ಕ್ಕೇ ಮುಗಿದಿದೆ. ನಿಮಗೆ ಹೇಳಿರುವಂಥ ಬೋಟುಗಳು ಬೆಳಿಗ್ಗೆ ಅಲ್ಲಿನ ಬಂದರಿನಿಂದ ಹೊರಟು ಸಂಜೆ ಅಲ್ಲಿಗೇ ಮರಳುವಂಥವಾದ್ದರಿಂದ, ಕೆಲಸದ ವೀಸಾ ಇಲ್ಲದವರಿಗೆ ಅವುಗಳಲ್ಲಿ ದುಡಿಯಲು ದಾರಿಯಿಲ್ಲ. ಸಮುದ್ರವನ್ನೇ ಕಾಣದ ಹುಡುಗನೊಬ್ಬನಿಗೆ ಮೂರು ತಿಂಗಳಲ್ಲಿ ಅದು ಸಿಗುತ್ತದೆಂಬ ಮಾತನ್ನು ನಾನಂತೂ ನಂಬಲಾರೆ.

ಇನ್ನು ಕೆಲಸದ ವಿಚಾರ. ಇಂಥ ಬೋಟು ಸಾಮಾನ್ಯವಾಗಿ ಜೋಡಿ ಒಡಲಿನದು. ಕ್ಯಾಪ್ಟನ್ ಸೇರಿ ಮೂರು ನಾಲ್ಕು ಜನ ಸಿಬ್ಬಂದಿ, ಹನ್ನೆರಡರಿಂದ ಇಪ್ಪತ್ತನಾಲ್ಕು ತಂತ್ರಜ್ಞರು. ಗಾಳಿಯಂತ್ರದ ಕಂಬದ ಬುಡದಲ್ಲಿ ಎರಡು ದಪ್ಪ ಉಕ್ಕಿನ ಕೊಳವೆಗಳು ನೇರವಾಗಿ ನಿಂತಿರುತ್ತವೆ, ಅವುಗಳ ಹಿಂದೆ ಏಣಿ. ಕ್ಯಾಪ್ಟನ್ ಬೋಟಿನ ಮೂತಿಗಿರುವ ರಬ್ಬರ್ ಮೆತ್ತೆಯನ್ನು, ಅಂದರೆ ಫೆಂಡರನ್ನು, ಆ ಕೊಳವೆಗಳಿಗೆ ಒತ್ತಿ, ಎಂಜಿನ್‌ ಬಲದಿಂದ ಬೋಟನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ಹಗ್ಗ ಕಟ್ಟುವುದಿಲ್ಲ, ಉಜ್ಜಾಟವೊಂದೇ ಹಿಡಿತ. ಮುಂದಿನ ಡೆಕ್ಕಿನಲ್ಲಿ ನಿಂತ ಖಲಾಸಿ, ಅಂದರೆ ನೀವು, ಬರುವ ಅಲೆಗಳನ್ನು ನೋಡುತ್ತ, ಫೆಂಡರು ಜಾರುತ್ತಿದೆಯೇ ಇಲ್ಲವೇ ಎಂಬುದನ್ನು ಗಮನಿಸುತ್ತ, ಬೀಳದಂತೆ ತಡೆಯುವ ಹಗ್ಗದ ಕೊಂಡಿಯನ್ನು ತಂತ್ರಜ್ಞರ ಬೆಲ್ಟಿಗೆ ಸಿಕ್ಕಿಸಿದ್ದು ಸರಿಯಾಗಿದೆಯೇ ಎಂದು ನೋಡಿ, ಸರಿಯಾದ ಗಳಿಗೆಯಲ್ಲಿ ಒಬ್ಬೊಬ್ಬರನ್ನೇ ಏಣಿಗೆ ದಾಟಿಸಬೇಕು. ಅಲೆಯ ಎತ್ತರ ಒಂದೂವರೆ ಮೀಟರಿನ ಆಸುಪಾಸು ತಲುಪಿದರೆ ಹೆಚ್ಚಿನ ಬೋಟುಗಳು ಈ ದಾಟಿಸುವ ಕೆಲಸ ನಿಲ್ಲಿಸುತ್ತವೆ. ಉಳಿದ ಹೊತ್ತೆಲ್ಲ ಡೆಕ್ ತೊಳೆಯುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಸಾಮಾನು ಏರಿಸಿಳಿಸುವುದು, ಬಂದರಿನಲ್ಲಿ ಹಗ್ಗ ಬಿಗಿಯುವುದು. ಏಣಿ ಹತ್ತುವ ನಿಮ್ಮ ಅಭ್ಯಾಸ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು, ಏಕೆಂದರೆ ಹತ್ತುವವರು ಬೇರೆ, ಹತ್ತಿಸುವವರು ಬೇರೆ.

ಇದು ಮೊದಲು ನಾವಿಕನ ಕೆಲಸ, ಆಮೇಲೆ ಗಾಳಿಯಂತ್ರದ್ದು. ಹಾಗಾಗಿ ನಾವಿಕನಾಗುವ ದಾರಿಯನ್ನೇ ಹಿಡಿಯಬೇಕು. ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಹಡಗುಗಳ ಕೆಂಪು ಹಸಿರು ದೀಪ ಬೇರ್ಪಡಿಸಲಾಗದವರನ್ನು ಡೆಕ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಶುಲ್ಕ ಕಟ್ಟಿದ ಮೇಲೆ ಇದು ತಿಳಿದು ಹಿಂದಿರುಗುವವರೂ ಇದ್ದಾರೆ. ಕಣ್ಣು ಸರಿಯಿದ್ದರೆ, ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಇರುವ ಸಂಸ್ಥೆಯಲ್ಲಿ ಸಾಮಾನ್ಯ ನಾವಿಕರನ್ನು ತಯಾರು ಮಾಡುವ ಆರು ತಿಂಗಳ ಜಿ.ಪಿ. ರೇಟಿಂಗ್ ಕೋರ್ಸ್ ಸೇರಿ. ಹತ್ತನೇ ತರಗತಿಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಓದಿರಬೇಕು, ಇಂಗ್ಲಿಷ್‌ನಲ್ಲಿ ಶೇ. 40 ಅಂಕ ಬೇಕು. ವಯಸ್ಸಿನ ಮಿತಿ 25 ಆದ್ದರಿಂದ ನಿಮಗೆ ಹೆಚ್ಚು ಸಮಯವಿಲ್ಲ. ನಾವಿಕರ ರಾಷ್ಟ್ರೀಯ ದಾಖಲೆಯಲ್ಲಿ ನಿಮ್ಮನ್ನು ಗುರುತಿಸುವ ಇಂಡೋಸ್ ಸಂಖ್ಯೆಯೂ, ಸಿ.ಡಿ.ಸಿ. ಎಂದು ಕರೆಯುವ ನಾವಿಕರ ಪುಸ್ತಕವೂ ಈ ದಾರಿಯಲ್ಲೇ ಕೈಸೇರುತ್ತವೆ. ಬೇರಾವುದೋ ದೇಶದ ಸಿ.ಡಿ.ಸಿ.ಯನ್ನು ಹದಿನೈದು ದಿನದಲ್ಲಿ ತರಿಸಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೋರ್ಸ್ ಮುಗಿದ ಮೇಲಿನ ಮೊದಲ ಹಡಗು ಸಿಗುವುದೇ ಎಲ್ಲಕ್ಕಿಂತ ಕಷ್ಟದ ಘಟ್ಟ. ಕೋರ್ಸಿಗೆ ಸೇರುವ ಮುನ್ನವೇ, ಹಿಂದಿನ ತಂಡದಲ್ಲಿ ಎಷ್ಟು ಜನ ಹಡಗು ಹತ್ತಿದ್ದಾರೆಂದು ಆ ತಂಡದ ಹುಡುಗರನ್ನೇ ಕೇಳಿ, ಸಂಸ್ಥೆಯ ಕಚೇರಿಯವರನ್ನಲ್ಲ. ಮುಂಬೈ ಹೈ ತೈಲ ಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳಲ್ಲಿ ಆರಂಭಿಸುವುದಾದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಮುದ್ರದ ನಡುವೆ ನಿಂತ ಕಟ್ಟಡದ ಪಕ್ಕದಲ್ಲಿ ಹಡಗು ನಿಲ್ಲಿಸಿ ದುಡಿಯುವ ಪಾಠ ಅಲ್ಲೇ ಸಿಗುತ್ತದೆ. ನಮ್ಮಲ್ಲಿ ಗುಜರಾತ್ ಮತ್ತು ತಮಿಳುನಾಡು ಕಡಲಿನಲ್ಲಿ ತಲಾ 500 ಮೆಗಾವಾಟ್ ಗಾಳಿ ವಿದ್ಯುತ್ತಿಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತಾದರೂ, ಅದನ್ನು ನೆಚ್ಚಿಕೊಂಡು ಕೂರಬೇಡಿ.

ನೀವು ಕೇಳದಿದ್ದ ಒಂದು ಮಾತನ್ನೂ ಹೇಳುತ್ತೇನೆ. ಐಟಿಐ ಓದಿ ಗುಡ್ಡದ ಮೇಲೆ ಎರಡು ವರ್ಷ ದುಡಿದವರು ಆ ಬೋಟಿನಲ್ಲಿ ಖಲಾಸಿಯಾಗಿ ಹೋಗುವುದಕ್ಕಿಂತ ಏಣಿ ಹತ್ತುವ ತಂತ್ರಜ್ಞನಾಗಿ ಹೋಗುವುದೇ ಹತ್ತಿರದ ದಾರಿ. ಇಲ್ಲೇ ಸಹಾಯಕನಿಂದ ತಂತ್ರಜ್ಞನ ಹುದ್ದೆಗೇರಿ, ಅನುಭವದ ಪತ್ರ ಪಡೆದು, ಗಾಳಿ ವಿದ್ಯುತ್ ಉದ್ಯಮ ಎಲ್ಲೆಡೆ ಕೇಳುವ ಜಿ.ಡಬ್ಲ್ಯೂ.ಓ. ಸುರಕ್ಷತಾ ತರಬೇತಿ ಮುಗಿಸಿಕೊಳ್ಳಿ. ಆ ಪ್ರಮಾಣಪತ್ರದ ಅವಧಿ ಎರಡೇ ವರ್ಷವಾದ್ದರಿಂದ, ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಮಾಡಿಸಿದರೆ ಸಾಕು.

ಪ್ರಶ್ನೆ: ಮಗ ಜಿ.ಪಿ. ರೇಟಿಂಗ್ ಸೇರುವವನಿದ್ದಾನೆ. ಈಜು ಬಾರದು. ಲೈಫ್ ಜಾಕೆಟ್ ಇರುತ್ತದಲ್ಲ, ಕಲಿಯಲೇಬೇಕೇ?
– ಓದುಗರು, ದಾವಣಗೆರೆ

ಉತ್ತರ: ಕಲಿಸಿ ಕಳುಹಿಸಿ. ಪ್ರಾಣರಕ್ಷಣೆಯ ತರಬೇತಿಯಲ್ಲಿ ಜಾಕೆಟ್ ತೊಟ್ಟು ಎತ್ತರದಿಂದ ನೀರಿಗೆ ಹಾರುವುದು, ಈಜುವುದು, ಬುಡಮೇಲಾದ ರಬ್ಬರ್ ತೆಪ್ಪವನ್ನು ನೀರಿನಲ್ಲಿದ್ದುಕೊಂಡೇ ಮಗುಚಿ ಹತ್ತುವುದು ಇವೆಲ್ಲ ಇವೆ. ಜಾಕೆಟ್ ಇಲ್ಲದೆ ತೇಲಿಕೊಂಡಿರುವುದನ್ನೂ ಮಾಡಿ ತೋರಿಸಬೇಕು. ಭದ್ರಾ ಕಾಲುವೆಯಲ್ಲಿ ಮಾತ್ರ ಕಲಿಸಬೇಡಿ. ಅಲ್ಲಿನ ಸೆಳೆತವೂ ಜಾರುವ ಕಾಂಕ್ರೀಟ್ ದಡವೂ ಈಜು ಬಲ್ಲವರಿಗೇ ಅಪಾಯ. ತರಬೇತುದಾರರಿರುವ ಈಜುಕೊಳದಲ್ಲಿ ಒಂದು ತಿಂಗಳು ಬೆಳಿಗ್ಗೆ ಇಳಿದರೆ ಸಾಕು. ಕೊನೆಯ ವಾರ ತರಬೇತುದಾರರನ್ನು ಕೇಳಿಕೊಂಡು ಶರ್ಟು ಪ್ಯಾಂಟು ತೊಟ್ಟೇ ಇಳಿಯಲಿ, ಬಟ್ಟೆ ನೆನೆದಾಗ ಮೈ ಎಷ್ಟು ಭಾರವಾಗುತ್ತದೆಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ.