ರಿಕ್ಷಾ ಬಾಡಿಗೆ ಕೊಟ್ಟದ್ದು ಯಾರು?

ಕಾರ್ಕಳದ ಸಹೋದರಿಗೆ,

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಪೂರ್ತಿ ನಿಮ್ಮ ಮೇಲಲ್ಲ, ಗಾಬರಿಯಾಗಬೇಡಿ.

ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಇವರು ಗೇರುಬೀಜದ ಫ್ಯಾಕ್ಟರಿಯಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರು. ಧಣಿಗಳು ಮಂಗಳೂರಿಗೆ ಲೀಡರ್‌ಶಿಪ್ ತರಬೇತಿಗೆ ಕಳಿಸಿದ್ದರು. ಅಲ್ಲಿ ಹೇಳಿಕೊಟ್ಟಂತೆ ದಿನಾ ಸಂಜೆ ವಾಟ್ಸ್ಆ್ಯಪ್ ಗ್ರೂಪಿಗೆ ‘ಎಲ್ಲರಿಗೂ ಧನ್ಯವಾದ’ ಹಾಕುತ್ತಾರೆ. ಹುಡುಗಿಯರು ನಗುತ್ತಾರೆ. ಬೀಜವನ್ನು ಗಾತ್ರ ನೋಡಿ ವಿಂಗಡಿಸುವ ಗ್ರೇಡಿಂಗ್ ಟೇಬಲಿನ ಹಿರಿಯ ಅಕ್ಕ ಮಾತೇ ಬಿಟ್ಟಿದ್ದಾರೆ. ಇಷ್ಟು ಮರ್ಯಾದೆ ಕೊಟ್ಟರೂ ಯಾಕೆ ಹೀಗೆ ಅಂತ ಪ್ರಶ್ನೆ.

ಹುಡುಗಿಯರು ನಗಲಿ ಬಿಡಿ, ನಗುವ ಪ್ರಾಯ. ನೀವು ಪತ್ರದ ನಡುವೆ ಸುಮ್ನೆ ದಾಟಿಕೊಂಡು ಹೋದ ಸಾಲೊಂದಿದೆ: ‘ಚೌತಿಯ ಮೊದಲು ಅರ್ಜೆಂಟ್ ಆರ್ಡರ್ ಇದ್ದಾಗ ಅಕ್ಕ ರಾತ್ರಿ ಎಂಟರವರೆಗೆ ಉಳಿದಿದ್ದರು, ಬಸ್ ತಪ್ಪಿ ರಿಕ್ಷಾದಲ್ಲಿ ಹೋದರಂತೆ.’

ಹೋದರಂತೆ! ಬಾಡಿಗೆ ಕೊಟ್ಟದ್ದು ಯಾರು ಮಾರಾಯ್ರೆ? ಊರ ಕಡೆಯ ಕೊನೆಯ ಬಸ್ ತಪ್ಪಿದರೆ ರಿಕ್ಷಾಕ್ಕೆ ಎಷ್ಟಾಗುತ್ತದೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅವತ್ತಿನ ಕೂಲಿಯಲ್ಲಿ ಒಂದು ಪಾಲು ಅದಕ್ಕೇ ಹೋಗಿರುತ್ತದೆ. ಸಾಲದ್ದಕ್ಕೆ ಓವರ್‌ಟೈಮನ್ನೂ ಬರೆದಿಲ್ಲ. ‘ಅವರಾಗಿಯೇ ಉಳಿದದ್ದಲ್ವಾ’ ಅಂದರಂತೆ ನಿಮ್ಮ ಅಕೌಂಟೆಂಟ್. ನನ್ನ ಸಿಟ್ಟೆಲ್ಲ ಈ ಮನುಷ್ಯನ ಮೇಲೆ. ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. ಆ ಹೊತ್ತಿನಲ್ಲಿ ಹೆಕ್ಕಿದ ಬೀಜವನ್ನು ಮಾತ್ರ ‘ಅದಾಗಿಯೇ ಬಂದದ್ದು’ ಅಂತ ಬದಿಗಿಡಲಿಲ್ಲ, ಆರ್ಡರಿಗೆ ಸೇರಿಸಿ ಕಳಿಸಿದರು.

ದೀಪಾವಳಿಗೆ ಬೋನಸ್ ಜೊತೆ ಸ್ವೀಟ್ ಬಾಕ್ಸ್ ಕೊಟ್ಟರೆ ಸಾಕಾ ಅಂತಲೂ ಕೇಳಿದ್ದೀರಿ. ಕನಿಷ್ಠ ಶೇ 8.33 ಬೋನಸ್ ಕಾನೂನಿನದು. ಅದನ್ನೇ ದೊಡ್ಡ ಉಪಕಾರದ ಹಾಗೆ ಭಾಷಣ ಮಾಡಿ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಲೆಕ್ಕ ಚುಕ್ತಾ ಆಗಲಿ, ಪ್ರೀತಿಯ ಮಾತು ಆಮೇಲೆ.

ಉಪಕಾರ ಸ್ಮರಣೆ ಬೇಡ ಅನ್ನುತ್ತಿಲ್ಲ. ಆದರೆ ಎಲ್ಲರಿಗೂ ಹೇಳಿದ್ದು ಯಾರಿಗೂ ತಲುಪುವುದಿಲ್ಲ. ಒಂದು ಪೌಂಡಿಗೆ 240 ಬೀಜ ತೂಗುವ ರಾಶಿಯಲ್ಲಿ ಪೌಂಡಿಗೆ 320 ತೂಗುವ ಸಣ್ಣ ಬೀಜ ಸೇರಿಕೊಂಡರೆ ಕಣ್ಣಳತೆಯಲ್ಲೇ ಹೆಕ್ಕಿ ತೆಗೆಯುವುದು ಎಷ್ಟು ಜನರಿಂದ ಆಗುತ್ತದೆ? ಅದೂ ಇಡೀ ದಿನ ಕೂತು ದುಡಿದ ಮೇಲೆ, ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಆರ್ಡರ್ ಹೊತ್ತಿಗೆ ಸರಿಯಾಗಿ ಹೋಯಿತು, ಧಣಿಗಳು ನಿಮ್ಮನ್ನು ಹೊಗಳಿದರು ಅಂತ ಬರೆದಿದ್ದೀರಿ. ಆಗ ಅಕ್ಕನ ಹೆಸರು ಹೇಳಿದಿರಾ? ಪತ್ರದಲ್ಲಿ ಅದು ಕಾಣಲಿಲ್ಲ.

ಮಾಡಬೇಕಾದ್ದು ಒಂದೇ. ಈ ತಿಂಗಳ ಸಂಬಳದ ಪಟ್ಟಿ ಹೋಗುವ ಮೊದಲು ಅಕ್ಕನ ಓವರ್‌ಟೈಮನ್ನೂ ರಿಕ್ಷಾ ಬಾಡಿಗೆಯನ್ನೂ ಬರೆಸಿ. ಅಕೌಂಟೆಂಟ್ ತಕರಾರು ಎತ್ತಿದರೆ ನೇರ ಧಣಿಗಳ ಹತ್ತಿರ ಹೋಗಿ, ಅವತ್ತು ಕೆಲಸ ಮುಗಿಸಿಕೊಟ್ಟದ್ದು ಇವರು ಅಂತ ಹೆಸರು ಹಿಡಿದು ಹೇಳಿ. ದುಡ್ಡು ಅಕ್ಕನ ಕೈಸೇರಿದ ಮೇಲೆ ಟೇಬಲಿನ ಹತ್ತಿರ ಹೋಗಿ ಕೂತು ತುಳುವಿನಲ್ಲೇ ಮಾತಾಡಿ, ತರಬೇತಿಯ ಭಾಷೆ ಬೇಡ. ಅಲ್ಲಿಯವರೆಗೆ ಗ್ರೂಪಿನಲ್ಲಿ ಕೈಮುಗಿಯುವ ಇಮೋಜಿ ಒಂದೂ ಹಾಕಬೇಡಿ.