ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ‘ಹೇಳೇ ಇಲ್ಲ’ ಅಂದರೆ ಏನು ಮಾಡೋದು?

ಆಫೀಸಿನಲ್ಲಿ ಎಲ್ಲಾ ಫೋನಿನಲ್ಲೇ ಹೇಳ್ತಾರೆ, ನಾಳೆ ಕೇಳಿದರೆ ‘ನಾನು ಹಾಗೆ ಹೇಳೇ ಇಲ್ಲ’ ಅಂತಾರೆ, ಮೇಲ್ ಹಾಕಿದರೆ ಯಾರೂ ಓದಲ್ಲ ಅಂತ ಬರೆದಿದ್ದೀರಿ. ನಾನು ಮಂಗಳೂರಿನ ಬಂದರು ಇರುವ ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ, ಅಂದರೆ ಸರಕಿನ ಕಾಗದಪತ್ರ ಮಾಡಿಸಿ ಕಸ್ಟಮ್ಸ್‌ನಿಂದ ಬಿಡಿಸುವ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಇದು ದಿನನಿತ್ಯದ ತಲೆನೋವು ಮಾರಾಯ್ರೆ.

ಫೋನಿನಲ್ಲಿ ಮಾತಾಡಿ, ತೊಂದರೆಯಿಲ್ಲ. ಆದರೆ ಫೋನ್ ಇಟ್ಟ ಕೂಡಲೇ ಎರಡು ಸಾಲಿನ ಮೇಲ್ ನೀವೇ ಹಾಕಿ. ‘ಈಗ ಮಾತಾಡಿದಂತೆ ನಾಳೆ ಬೆಳಿಗ್ಗೆ ಗಾಡಿ ಕಳಿಸುತ್ತೇವೆ. ಬದಲಾವಣೆ ಇದ್ದರೆ ಇವತ್ತು 5 ಗಂಟೆಯೊಳಗೆ ತಿಳಿಸಿ.’ ಇಷ್ಟು ಸಾಕು.

ಅಂಕಿಗಳನ್ನಂತೂ ಬರೀ ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಕಂಟೇನರ್ ನಂಬರ್ ಅಂದರೆ 4 ಇಂಗ್ಲಿಷ್ ಅಕ್ಷರ, 7 ಅಂಕಿ. ಆ ಕಡೆ ಲಾರಿ ಹಾರ್ನ್, ಈ ಕಡೆ ಶೀಟಿನ ಮೇಲೆ ಮಳೆ. ‘ಬಿ’ ಅಂದರೋ ‘ಡಿ’ ಅಂದರೋ, ‘ಫಿಫ್ಟೀನ್’ ಅಂದರೋ ‘ಫಿಫ್ಟಿ’ ಅಂದರೋ ಯಾರಿಗೆ ಗೊತ್ತು? ಪುಣ್ಯಕ್ಕೆ ಅದರ ಕೊನೆಯ ಅಂಕಿ ಚೆಕ್ ಡಿಜಿಟ್. ಹಿಂದಿನ 10 ಅಕ್ಷರ, ಅಂಕಿಗಳಿಂದ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ತಪ್ಪು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಗೇರುಬೀಜದ ತೂಕಕ್ಕೆ, ಇನ್‌ವಾಯ್ಸ್ ಮೊತ್ತಕ್ಕೆ ಅಂಥ ಕಾವಲು ಇಲ್ಲ. ಅಲ್ಲಿ ತಪ್ಪಿದರೆ ಬಿಲ್ ಆಫ್ ಎಂಟ್ರಿ (ಆಮದು ಸರಕಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ) ತಿದ್ದಿಸಲು ಓಡಾಡಬೇಕು, ಅಷ್ಟರಲ್ಲಿ ಕಂಟೇನರ್ ಬಾಡಿಗೆ ಏರುತ್ತದೆ.

ನಮ್ಮ ಊರಿನದ್ದೇ ಇನ್ನೊಂದು ಸಮಸ್ಯೆ ಉಂಟು. ಫೋನಿನಲ್ಲಿ ತುಳು, ಎದುರು ಕೂತರೆ ಕನ್ನಡ, ಮೇಲ್‌ಗೆ ಮಾತ್ರ ಇಂಗ್ಲಿಷ್. ತುಳುವಿನಲ್ಲಿ ಅಷ್ಟು ಚಂದ ವಿವರಿಸಿದವರು ಮೇಲ್‌ನಲ್ಲಿ ‘ಪ್ಲೀಸ್ ಡು ದ ನೀಡ್‌ಫುಲ್’ ಅಂತ ಮುಗಿಸಿಬಿಡುತ್ತಾರೆ. ಏನು ಮಾಡಬೇಕು ಅನ್ನೋದೇ ಅದರಲ್ಲಿ ಇರಲ್ಲ. ಊರೊಳಗಿನ ವ್ಯವಹಾರಕ್ಕೆ ಕನ್ನಡದಲ್ಲೇ ಬರೆಯಿರಿ ಅಂತ ಧೈರ್ಯವಾಗಿ ಹೇಳಿ. ಯೂನಿಕೋಡ್‌ನಲ್ಲಿ ಬರೆದರೆ ಮೊಬೈಲಿನಲ್ಲೂ ಓದಬಹುದು. (ಹಳೆಯ ನುಡಿ ಫಾಂಟಿನ ಫೈಲ್ ಮಾತ್ರ ಬೇಡ. ಆ ಫಾಂಟ್ ಇಲ್ಲದವರಿಗೆ ಬರೀ ಗೀಚು ಕಾಣುತ್ತದೆ.)

ಮೇಲ್ ಓದದೇ ಇರೋದಕ್ಕೆ ಸಬ್ಜೆಕ್ಟ್ ಕೂಡ ಕಾರಣ. ‘ಅರ್ಜೆಂಟ್’ ಅಂತ ಎಲ್ಲರೂ ಹಾಕ್ತಾರೆ. ನೀವು ‘ಗುರುವಾರದೊಳಗೆ ಇನ್‌ವಾಯ್ಸ್ ತಿದ್ದಿ ಕಳಿಸಿ’ ಅಂತ ಹಾಕಿ. ಕೆಲಸ ಮಾಡಬೇಕಾದ ಒಬ್ಬರನ್ನು ಮಾತ್ರ ‘ಟು’ನಲ್ಲಿಡಿ, ಉಳಿದವರು ಸಿಸಿಯಲ್ಲಿರಲಿ. ಎಲ್ಲರನ್ನೂ ‘ಟು’ನಲ್ಲಿ ತುಂಬಿಸಿದರೆ ಇನ್ನೊಬ್ಬರು ಮಾಡ್ತಾರೆ ಅಂತ ಎಲ್ಲರೂ ಸುಮ್ನೆ ಕೂರುತ್ತಾರೆ, ಅಲ್ವಾ?

ಇನ್ನು ಮೇಲ್ ಕಳಿಸಿದ ಮರುಕ್ಷಣವೇ ‘ನೋಡಿದ್ರಾ?’ ಅಂತ ಫೋನ್ ಮಾಡುವವರು. ‘ಸಂಜೆಯೊಳಗೆ ಉತ್ತರ ಕೊಡ್ತೇನೆ’ ಅನ್ನಿ, ಕೊಟ್ಟೇ ಕೊಡಿ. ಸ್ವಲ್ಪ ಸಮಯದಲ್ಲಿ ಅವರಿಗೆ ನಂಬಿಕೆ ಬರುತ್ತದೆ, ಫೋನೂ ಕಡಿಮೆಯಾಗುತ್ತದೆ.