ಗುಂಡೇಟಿಗೆ ಹಾರುವ ಖಳನಾಯಕ

ಪ್ರಶ್ನೆ: ಸಿನಿಮಾದಲ್ಲಿ ಒಂದೇ ಗುಂಡಿಗೆ ಖಳನಾಯಕ ಹತ್ತಡಿ ಹಿಂದಕ್ಕೆ ಹಾರಿ ಬೀಳುತ್ತಾನೆ; ಘಾಟಿಯಿಂದ ಉರುಳಿದ ಕಾರು ನೆಲ ಮುಟ್ಟುವ ಮೊದಲೇ ಸ್ಫೋಟಿಸುತ್ತದೆ. ಇದರಲ್ಲಿ ನಿಜವೆಷ್ಟು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮೂರಿನ ಕಾಫಿ ತೋಟಗಳಲ್ಲಿ ಪರವಾನಗಿ ಪಡೆದ ಕೋವಿ ಇಟ್ಟುಕೊಂಡವರನ್ನು ಕೇಳಿದರೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕೀತು. ನ್ಯೂಟನ್ನನ 3ನೆಯ ನಿಯಮದಂತೆ, ಗುಂಡು ಮುಂದಕ್ಕೆ ಚಿಮ್ಮುವಾಗ ಕೋವಿಯು ಹಾರಿಸಿದವನ ಭುಜವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಗುಂಡು ತಗುಲಿದವನು ಹತ್ತಡಿ ಹಾರುವಷ್ಟು ಬಲ ಅದರಲ್ಲಿದ್ದರೆ, ಹೊಡೆದವನೂ ಹೆಚ್ಚುಕಡಿಮೆ ಅಷ್ಟೇ ದೂರ ಹಿಂದಕ್ಕೆ ಬೀಳಬೇಕಾಗಿತ್ತು. ನಮ್ಮ ನಾಯಕರಾದರೋ ತಂಪು ಕನ್ನಡಕವೂ ಅಲುಗದಂತೆ ನಿಂತಿರುತ್ತಾರೆ! ಖಳನಾಯಕನನ್ನು ಹಿಂದಕ್ಕೆ ಎಳೆಯುವುದು ಸಾಮಾನ್ಯವಾಗಿ ಅವನ ಸೊಂಟಪಟ್ಟಿಗೆ ಬಿಗಿದ ಹಗ್ಗ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ.

ಕಾರಿನ ವಿಷಯವೂ ಹೀಗೆಯೇ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಆವಿ. ಅದು ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಶಿರಾಡಿ ಘಾಟಿಯ ಕಂದಕಕ್ಕೆ ಉರುಳಿದ ವಾಹನ ಜಜ್ಜಿಹೋಗಬಹುದು, ಸೋರಿದ ಇಂಧನಕ್ಕೆ ಬೆಂಕಿ ತಗಲಲೂಬಹುದು; ಆದರೆ ಗಾಳಿಯಲ್ಲಿರುವಾಗಲೇ ಸಿಡಿಯಲು ಚಿತ್ರತಂಡದವರು ಒಳಗಿಟ್ಟ ಸಿಡಿಮದ್ದೇ ಬೇಕು.

ಮಳೆಯ ಹೊಡೆದಾಟಗಳ ಬಗೆಗೆ ನೀವು ಕೇಳಿಲ್ಲ, ಆದರೂ ಮಲೆನಾಡಿನವರಿಗೆ ಹೇಳಬೇಕೆನಿಸುತ್ತದೆ: ಹಿಂದಿನಿಂದ ಬೆಳಕು ಬೀಳದಿದ್ದರೆ ಕ್ಯಾಮೆರಾಕ್ಕೆ ನಿಜವಾದ ಮಳೆ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ಟ್ಯಾಂಕರ್ ನೀರನ್ನು ದಪ್ಪ ಹನಿಗಳಾಗಿ ಸುರಿಸುತ್ತಾರೆ.